ಬಡಿಸಿದ ಕೈಯ ವಾಸನೆ

ನಮ್ಮೂರಿನಲ್ಲಿ ಪೇಪರನ್ನು ಮೊದಲು ಮೂಸುತ್ತಾರೆ. ಆಮೇಲೆ ಬೇಕೆನಿಸಿದರೆ ಓದುತ್ತಾರೆ. ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಸಾಲಾಗಿ ಕೂತ ಗಂಡಸರು ಪುಟ ಬಿಡಿಸಿ, ಮುಖಕ್ಕೆ ಹಿಡಿದು, ಕಣ್ಣು ಮುಚ್ಚಿಕೊಂಡಿರುವುದನ್ನು ಹೊರಗಿನವರು ಕಂಡರೆ ಏನೋ ಪ್ರಾರ್ಥನೆ ನಡೆದಿದೆ ಎಂದುಕೊಂಡಾರು. ಅವರು ನೋಡುತ್ತಿರುವುದು ಇಷ್ಟೇ, ಇದನ್ನು ಬರೆದವರಿಗೆ ಕೊನೆಯ ಊಟ ಬಡಿಸಿದವರು ಯಾರು ಎಂದು. ಇಲ್ಲಿ ಯಾರು ಏನೇ ಬರೆದರೂ ಬಡಿಸಿದ ಕೈಯವರ ಮನೆಯ ವಾಸನೆ ಆ ಬರಹಕ್ಕೆ ಹತ್ತಿಬಿಡುತ್ತದೆ. ಊಟವನ್ನು ಹೋಟೆಲಿನಿಂದ ತರಿಸಿರಲಿ, ಪಕ್ಕದ ಮನೆಯಿಂದ ತಂದಿರಲಿ, ಸೌಟು ಹಿಡಿದ ಕೈ ಯಾರದೋ ಅವರ ಮನೆಯ ವಾಸನೆಯೇ. ಅಚ್ಚಾದರೂ ಹೋಗುವುದಿಲ್ಲ. ಬಿಸಿಲಿಗೆ ಹರಡಿದರೂ ಹೋಗುವುದಿಲ್ಲ.

"ಮೂರನೇ ಪುಟ ನೋಡ್ರೀ, ಕಂಟ್ರಾಕ್ಟರ್ ಮನೆ ಕೋಳಿಸಾರು. ನೀರಿನ ಟ್ಯಾಂಕು ಬಹಳ ಗಟ್ಟಿಯಾಗಿದೆಯಂತೆ" ಎಂದು ಒಬ್ಬರು ಹೇಳಿದರೆ, "ಸಾರು ಗಟ್ಟಿಯಾಗಿತ್ತು ಅನ್ಸುತ್ತೆ ಬಿಡಿ" ಎಂದು ಇನ್ನೊಬ್ಬರು ಸುಳ್ಳು ಹುಡುಕಲು ಪುಟದ ಮೇಲೆ ಬೆರಳಿಡುತ್ತಾರೆ. ಡಾಕ್ಟರ ಚೀಟಿಯನ್ನು ಔಷಧದ ಅಂಗಡಿಯವನು ಮೂಸಿಯೇ ನಗುತ್ತಾನೆ. ಹೊಸದಾಗಿ ಮದುವೆಯಾದ ಮೇಷ್ಟರು ತಿದ್ದಿದ ಉತ್ತರಪತ್ರಿಕೆಗಳಲ್ಲಿ ಅತ್ತೆಮನೆಯ ತುಪ್ಪದ ವಾಸನೆ ಬಂದರೆ, ಆ ಬೀದಿಯ ಮಕ್ಕಳಿಗೆಲ್ಲ ಒಳ್ಳೆಯ ಅಂಕ ಬಂದಿದೆಯೇ ಎಂದು ಉಳಿದ ಬೀದಿಯವರು ಲೆಕ್ಕ ಹಾಕುತ್ತಾರೆ. ಹೀಗಾಗಿ ನಮ್ಮ ಪತ್ರಿಕೆಯಲ್ಲಿ ಕೆಲಸ ಮಾಡುವವರು ಊಟದ ಡಬ್ಬಿಯನ್ನು ಮನೆಯಿಂದಲೇ ತರುತ್ತಾರೆ. ಪ್ರೆಸ್‌ಮೀಟುಗಳಲ್ಲಿ ಚಹಾ ಬಂದರೆ ಕೈ ಮುಗಿಯುತ್ತಾರೆ.

ಅವರೆಲ್ಲರಲ್ಲಿ ಹೆಚ್ಚು ಹೆದರುವವಳು ನಾನು. ನನ್ನ ಅಂಕಣದ ಹೆಸರು 'ತಟ್ಟೆಯಲ್ಲಿ ಏನಿದೆ'. ಮಂಗಳವಾರಕ್ಕೊಮ್ಮೆ ಬರುತ್ತದೆ. ಏನು ತಿನ್ನಬೇಕು, ಏನು ಬಿಡಬೇಕು, ಅಂಗಡಿಯಲ್ಲಿ ಹೊಸದಾಗಿ ಬಂದ ಡಬ್ಬಿಯ ಮೇಲೆ ಬರೆದದ್ದರಲ್ಲಿ ಎಷ್ಟನ್ನು ನಂಬಬೇಕು ಎಂದು ಬರೆಯುತ್ತೇನೆ. ಊಟದ ವಿಷಯ ಬರೆಯುವವಳ ಬರಹದಲ್ಲಿ ಬೇರೆಯವರ ಊಟದ ವಾಸನೆ ಬಂದರೆ ಮುಗಿಯಿತಲ್ಲ. ಆದ್ದರಿಂದ ಮದುವೆಗೆ ಹೋದರೆ ತಾಂಬೂಲ ಹಿಡಿದುಕೊಂಡು ಬರುತ್ತೇನೆ, ಎಲೆಯ ಮುಂದೆ ಕೂರುವುದಿಲ್ಲ. ನೀರಿನ ಬಾಟಲಿ ಸದಾ ಚೀಲದಲ್ಲಿರುತ್ತದೆ. ನನಗೆ ಬಡಿಸುವುದು ನನ್ನ ಅಕ್ಕ ಪಂಕಜ ಒಬ್ಬಳೇ. ಭಾವ ಚಿಕ್ಕ ವಯಸ್ಸಿಗೇ ತೀರಿಕೊಂಡ ಮೇಲೆ ಅವಳು ನನ್ನ ಜೊತೆಗಿದ್ದಾಳೆ. ಒಲೆ ಅವಳದು, ನಾನು ಅಡುಗೆ ಕಲಿತೇ ಇಲ್ಲ. ಅವಳ ಒಗ್ಗರಣೆಗೆಲ್ಲ ನಾಲ್ಕು ಕಾಳು ಮೆಂತ್ಯ ಬೀಳಬೇಕು. ಪಾಯಸಕ್ಕೊಂದು ಬಿಟ್ಟಿದ್ದಾಳೆ ಎಂದು ನಾನು ಹಾಸ್ಯ ಮಾಡುವುದುಂಟು. ಮಂಗಳವಾರ ಪುಟ ಬಿಡಿಸಿದರೆ ಹುರಿದ ಮೆಂತ್ಯದ ವಾಸನೆ. ಊರಿನವರಿಗೆ ಅದು ಸಾಕು. "ಮೆಂತ್ಯದಮ್ಮ ಬರೆದಿದ್ದಾರೆ" ಎಂದು ಮಡಚಿ ಜೇಬಿಗಿಟ್ಟುಕೊಳ್ಳುತ್ತಾರೆ.

ಗಿರಣಿಯ ಯಜಮಾನ ಜಯಶೀಲ ಆಫೀಸಿಗೆ ಬಂದದ್ದು ಶ್ರಾವಣ ಕಳೆದ ಮೇಲೆ. ಹಿಟ್ಟಿನ ಗಿರಣಿಯಲ್ಲಿ ಅವರು ಹೊಸದಾಗಿ 'ಮುಂಜಾವು' ಎಂಬ ಪುಡಿ ಮಾಡಿದ್ದರು. ಸಿರಿಧಾನ್ಯ ಹುರಿದು ಬೀಸಿದ್ದು. ಬೆಳಗಿನ ತಿಂಡಿ ಬಿಟ್ಟು ಅದನ್ನೇ ಹಾಲಿನಲ್ಲಿ ಕಲಸಿ ಕುಡಿದರೆ ಮೈ ಹಗುರಾಗುತ್ತದೆ, ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ ಎಂದು ಮೊದಲ ಪುಟದ ತುಂಬ ಜಾಹೀರಾತು ಕೊಟ್ಟಿದ್ದರು. ಜಯಶೀಲ ಮೃದುವಾಗಿ ಮಾತಾಡುವ ಮನುಷ್ಯ. ನನ್ನ ಮೇಜಿನಿಂದ ಮಾರು ದೂರ ನಿಂತು ಎರಡೂ ಕೈಗಳನ್ನು ತೋರಿಸಿದರು.

"ನೋಡಿ ಮೇಡಂ, ಬರಿಗೈಯಲ್ಲಿ ಬಂದಿದೀನಿ. ನಿಮಗೆ ನಾವು ಒಂದು ತೊಟ್ಟು ನೀರೂ ಕೊಡಲ್ಲ. ನೀವು ಅಂಗಡೀಲಿ ಕೊಂಡು, ನಿಮ್ಮನೇಲೇ ಮಾಡ್ಕೊಂಡು ನೋಡಿ. ಇಷ್ಟ ಆದ್ರೆ ಬರೀರಿ."

ಅವರು ಹೋದ ಮೇಲೆ ಸಂಪಾದಕರಾದ ತಿಪ್ಪೇರುದ್ರಯ್ಯನವರನ್ನು ಕೇಳಿದೆ. "ಸಾರ್, ಮೊದಲ ಪುಟದಲ್ಲಿ ಅವರ ಜಾಹೀರಾತು ಬರ್ತಿರುವಾಗ ಒಳಗಿನ ಪುಟದಲ್ಲಿ ನಾನು ಅವರ ಬಗ್ಗೆ ಬರೆಯೋದು ಸರಿಯಾ?"

"ಜಾಹೀರಾತಿಗೆ ವಾಸನೆ ಎಲ್ಲಿದೆಯಮ್ಮ? ಅದನ್ನ ಯಾರೂ ಬಡಿಸಲ್ಲ, ಯಾರೂ ಉಣ್ಣಲ್ಲ" ಎಂದರು ಅವರು, ತಮ್ಮ ಡಬ್ಬಿಯ ಚಿತ್ರಾನ್ನ ಕಲಸುತ್ತಾ. "ಸಂಬಳ ಆಗುತ್ತೆ ಅಷ್ಟೆ."

ಅದೇ ವಾರ ಗಿರಣಿಯಿಂದ ಒಬ್ಬ ಹೆಂಗಸು ನಮ್ಮ ಮನೆಗೆ ಬಂದು ಅಕ್ಕನನ್ನು ಕರೆದಳು. ಶನಿವಾರ ಮಧ್ಯಾಹ್ನ ಗಿರಣಿಯ ಅಂಗಳದಲ್ಲಿ ಹೆಂಗಸರಿಗೆ ಮುಂಜಾವು ಪುಡಿಯಲ್ಲಿ ದೋಸೆ, ರೊಟ್ಟಿ, ಉಂಡೆ ಮಾಡುವುದನ್ನು ತೋರಿಸಬೇಕಂತೆ. ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು ನನ್ನ ಮುಖ ನೋಡಿದಳು. ನಾನು ಬೇಡ ಎನ್ನಬಹುದಿತ್ತು. ನಾನು ಯೋಚಿಸಿದ್ದೇ ಬೇರೆ: ನನಗೆ ಬಡಿಸುವುದು ಅಕ್ಕ, ಅಕ್ಕನಿಗೆ ಯಾರು ಏನು ಕೊಟ್ಟರೂ ನನ್ನ ಬರಹಕ್ಕೆ ಬರುವುದು ಅಕ್ಕನ ವಾಸನೆಯೇ. ನಮ್ಮೂರಿನಲ್ಲಿ ಹುಟ್ಟಿ ಬೆಳೆದ ಯಾರೇ ಆದರೂ ಹಾಗೆಯೇ ಯೋಚಿಸುತ್ತಿದ್ದರು. "ಹೋಗಕ್ಕ, ಅದಕ್ಕೇನಂತೆ" ಎಂದೆ.

ಅಕ್ಕ ಹೋದಳು, ಮತ್ತೆ ಮತ್ತೆ ಹೋದಳು. ಎಷ್ಟೋ ವರ್ಷಗಳಿಂದ ಪೆಟ್ಟಿಗೆಯಲ್ಲಿದ್ದ ನೇರಳೆ ಬಣ್ಣದ ಸೀರೆ ಹೊರಗೆ ಬಂತು. ಗಿರಣಿಯಲ್ಲಿ ಅವಳನ್ನು ಎಲ್ಲರೂ ಮೇಡಂ ಎನ್ನುತ್ತಾರಂತೆ. "ನಿನ್ನನ್ನಷ್ಟೇ ಅಲ್ಲ ಕಣೇ ನಳಿನಿ, ನನ್ನನ್ನೂ" ಎಂದು ಹೇಳುವಾಗ ಅವಳ ಮುಖವನ್ನು ನಾನು ಹೊಸದಾಗಿ ನೋಡಿದಂತಾಯಿತು. ಕಡೆಗೆ ಪುಡಿಯ ಪೊಟ್ಟಣದ ಮೇಲೆ ಅವಳ ಕೈಗಳ ಚಿತ್ರವೇ ಅಚ್ಚಾಯಿತು, ದೋಸೆ ಹುಯ್ಯುತ್ತಿರುವ ಎರಡು ಕೈಗಳು. ಮನೆಯಲ್ಲಿ ಹಿಟ್ಟಿನ ಚೀಲ ಬಂದು ಕೂತಿತು. ಬೆಳಿಗ್ಗೆ ಮುಂಜಾವು ದೋಸೆ, ಸಂಜೆ ಮುಂಜಾವು ಉಂಡೆ. ಅವಳು ಬಡಿಸಿ ಎದುರಿಗೆ ನಿಂತು, "ಹೇಗಿದೆ?" ಎಂದು ಕೇಳುತ್ತಿದ್ದಳು. ಚೆನ್ನಾಗಿಯೇ ಇರುತ್ತಿತ್ತು.

ಅಂಕಣ ಬರೆಯಲು ಕೂತಾಗ ಪೊಟ್ಟಣವನ್ನು ಮೇಜಿನ ಮೇಲಿಟ್ಟುಕೊಂಡೆ. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಸಿರಿಧಾನ್ಯದ ಹಿಂದೆಯೇ ಬೆಲ್ಲದ ಪುಡಿ ಎಂದಿತ್ತು. ಬೇರೆ ಯಾರ ಪೊಟ್ಟಣವಾಗಿದ್ದರೂ ನಾನು ಆ ಎರಡನೇ ಪದದಿಂದಲೇ ಶುರುಮಾಡುತ್ತಿದ್ದೆ. ಹಿಂದೊಮ್ಮೆ ಬೇಕರಿಯವರ ನಾರಿನ ಬ್ರೆಡ್ಡಿನ ಬಗ್ಗೆ ಬರೆದು ಅವರಿಂದ ಬೈಸಿಕೊಂಡವಳು ನಾನೇ. ಈ ಸಲವೂ ಬರೆದೆ: ಸಕ್ಕರೆ ಕಾಯಿಲೆಯವರು ಡಾಕ್ಟರನ್ನು ಕೇಳದೆ ಇದನ್ನು ಕುಡಿಯಬಾರದು, ಇದರಲ್ಲಿ ಬೆಲ್ಲವಿದೆ, ತಿಂಡಿ ಬಿಟ್ಟು ಕುಡಿಯುವ ಪದಾರ್ಥವಲ್ಲ. ಬರೆದು, ಪೊಟ್ಟಣವನ್ನು ಮುಂಬದಿಗೆ ತಿರುಗಿಸಿದೆ. ಅಕ್ಕನ ಕೈಗಳು. ಒಳಗಡೆ ಕಾವಲಿಯ ಮೇಲೆ ದೋಸೆ ಚುಂಯ್ ಎನ್ನುತ್ತಿತ್ತು. ಬರಹ ಸ್ವಲ್ಪ ಉದ್ದವಾಯಿತು ಎನ್ನಿಸಿತು. ಆ ವಾಕ್ಯವನ್ನು ಹೊಡೆದುಹಾಕಿದೆ. ಹೀಗೆ ಬರೆ ಎಂದು ಅಕ್ಕ ನನಗೆ ಒಂದು ಮಾತೂ ಹೇಳಿರಲಿಲ್ಲ. ಹೇಳಿದ್ದರೆ ನಾನು ಎಚ್ಚರವಾಗುತ್ತಿದ್ದೆ.

ಮಂಗಳವಾರ ಊರೆಲ್ಲ ಮೆಂತ್ಯದ ವಾಸನೆ. ಬುಧವಾರ ಅಂಗಡಿಗಳಲ್ಲಿ ಮುಂಜಾವು ಪುಡಿ ಖಾಲಿ.

ನಮ್ಮ ಬೀದಿಯ ತುದಿಯಲ್ಲಿ ದಸ್ತಗೀರ್ ಸಾಹೇಬರ ಟೈಲರ್ ಅಂಗಡಿ. ನನ್ನ ರವಿಕೆಗಳನ್ನು ಅವರೇ ಹೊಲಿಯುವುದು. ಬಹಳ ವರ್ಷದಿಂದ ಸಕ್ಕರೆ ಕಾಯಿಲೆಯಿದ್ದರೂ ಮಾತ್ರೆ ನುಂಗಿಕೊಂಡು, ಕ್ರಮವಾಗಿ ಉಂಡುಕೊಂಡು ಚೆನ್ನಾಗಿದ್ದರು. ದೀಪಾವಳಿಯ ಹೊಲಿಗೆ ಮುಗಿದ ಹೊತ್ತಿಗೆ ಅವರು ಮೆಷಿನ್ ಮೇಲೆಯೇ ತಲೆಯಿಟ್ಟು ಬಿದ್ದರು. ಆಸ್ಪತ್ರೆಗೆ ನೋಡಲು ಹೋದೆ. ಬಲಗಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿದ್ದರು. ಯಾವುದೋ ಸೂಜಿ ಚುಚ್ಚಿದ್ದು ಕೀವಾಗಿ ಕಪ್ಪಗಾಗಿತ್ತು. ಸಕ್ಕರೆ ಇಳಿಯದಿದ್ದರೆ ಗಾಯ ಮಾಯುವುದಿಲ್ಲ, ಮಾಯದಿದ್ದರೆ ಪಾದವನ್ನೇ ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಬಲಗಾಲು ಎಂದರೆ ಪೆಡಲ್ ತುಳಿಯುವ ಕಾಲು.

ಅವರ ಹೆಂಡತಿ ಫಾತಿಮಾಬಿ ನನ್ನನ್ನು ಕಂಡು ಎದ್ದು ಸ್ಟೂಲು ಕೊಟ್ಟರು. ಕೋಪದ ಗುರುತೇ ಇರಲಿಲ್ಲ. ಅದರಿಂದ ನನಗೆ ಇನ್ನಷ್ಟು ಗಾಬರಿಯಾಯಿತು. "ದಿನಾ ಬೆಳಿಗ್ಗೆ ದೊಡ್ಡ ಲೋಟ ಕುಡೀತಿದ್ರಮ್ಮ, ಆ ಪುಡೀನ. ತಿಂಡಿ ಬಿಟ್ರು. ಮಾತ್ರೇನೂ ಬಿಟ್ರು, ಇನ್ಯಾಕೆ ಅಂತ."

"ನಾನು ಮಾತ್ರೆ ಬಿಡಿ ಅಂತ ಬರೆದಿರಲಿಲ್ಲವಲ್ಲ" ಎಂದೆ. ನನ್ನ ದನಿ ನನಗೇ ಅಸಹ್ಯವಾಯಿತು.

ಸಾಹೇಬರು ದಿಂಬಿನಿಂದ ತಲೆಯೆತ್ತಿದರು. "ಏನು ಬರೆದಿದ್ರಮ್ಮ ಅದರಲ್ಲಿ?" ಎಂದರು, ನಿಜವಾಗಿಯೂ ತಿಳಿದುಕೊಳ್ಳುವ ಕುತೂಹಲದಿಂದ. "ನಾನು ಓದಲಿಲ್ಲ. ಮುಂಜಾವು ಅಂತ ಮೇಲೆ ದಪ್ಪಕ್ಷರದಲ್ಲಿತ್ತು. ಮೂಸಿದೆ, ನಿಮ್ಮನೆ ಮೆಂತ್ಯ ಬಂತು. ಸಾಕಲ್ವಾ?"

ಮನೆಗೆ ಬಂದು ತಿದ್ದುಪಡಿ ಬರೆದೆ. ಹೊಡೆದುಹಾಕಿದ್ದ ವಾಕ್ಯವನ್ನು ಮೊದಲ ಸಾಲಿಗೇ ತಂದೆ. ತಿಪ್ಪೇರುದ್ರಯ್ಯನವರು ಗೊಣಗಿದರು, ಗಿರಣಿಯವರು ಜಾಹೀರಾತು ನಿಲ್ಲಿಸಿದರೆ ಗತಿಯೇನು ಎಂದರು. ಆದರೂ ಮಂಗಳವಾರ ಅಚ್ಚು ಹಾಕಿಸಿದರು. ಅಂದು ಬೆಳಿಗ್ಗೆ ನಾನು ಬಸ್‌ಸ್ಟ್ಯಾಂಡಿನ ಕಟ್ಟೆಯ ಹಿಂದೆ ಹೋಗಿ ನಿಂತೆ. ಎಲ್ಲರೂ ಪುಟ ಬಿಡಿಸಿದರು, ಮೂಸಿದರು. ಒಬ್ಬರು ಹೇಳಿದರು, "ಮೆಂತ್ಯದಮ್ಮ ಮತ್ತೆ ಮುಂಜಾವು ಬಗ್ಗೆನೇ ಬರೆದಿದ್ದಾರೆ." ಪಕ್ಕದವರು, "ಮೆಂತ್ಯವೇ ತಾನೇ? ಹಾಗಾದ್ರೆ ಇನ್ನೊಂದು ಪೊಟ್ಟಣ ತಗೊಂಡು ಹೋಗೋಣ" ಎಂದು ಪುಟ ಮಡಚಿದರು.

ಅಷ್ಟರಲ್ಲಿ ಸಾಹೇಬರು ಆಸ್ಪತ್ರೆಯಿಂದ ಮನೆಗೆ ಬಂದಿದ್ದರು, ಕಟ್ಟೆಯಿಂದ ನೇರವಾಗಿ ಅವರ ಅಂಗಡಿಗೆ ಹೋದೆ. ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಗುಂಡಿ ಹೊಲಿಯುತ್ತಿದ್ದವರ ಪಕ್ಕದಲ್ಲಿ ದೊಡ್ಡ ಸ್ಟೀಲಿನ ಲೋಟ. ತಳದಲ್ಲಿ ಕಂದು ಗಸಿ ಅಂಟಿತ್ತು. ನಾನು ಲೋಟವನ್ನೇ ನೋಡುತ್ತ ನಿಂತಿದ್ದು ಕಂಡು ಅವರು ನಕ್ಕರು. "ಬಿಟ್ಟಿದ್ದೆ ಕಣಮ್ಮ. ಆದ್ರೆ ಇವತ್ತಿನ ಪೇಪರಲ್ಲೂ ನಿಮ್ಮ ಮೆಂತ್ಯವೇ ಇತ್ತಲ್ಲ, ಅದಕ್ಕೇ ಮತ್ತೆ ಶುರು ಮಾಡಿದೆ."

"ಸಾಹೇಬ್ರೆ, ಕುಡೀಬೇಡಿ ಅಂತ ಬರೆದಿದೀನಿ. ಬಾಯಲ್ಲೂ ಹೇಳ್ತಿದೀನಿ, ಬಿಡಿ."

"ಹೇಳೋದು ಯಾರು ಬೇಕಾದ್ರೂ ಹೇಳ್ತಾರೆ" ಎಂದರು ಅವರು ಸಮಾಧಾನವಾಗಿ, ನನಗೆ ತಿಳಿವಳಿಕೆ ಹೇಳುವಂತೆ. "ಮೊನ್ನೆ ಡಾಕ್ಟ್ರೂ ಹೇಳಿದ್ರು. ಅವರ ಚೀಟಿ ಮೂಸಿದ್ರೆ ಔಷಧ ಕಂಪನಿಯವರ ಬಿರಿಯಾನಿ. ಯಾರನ್ನ ನಂಬಲಿ? ಬರಹಕ್ಕೆ ವಾಸನೆ ಇದೆ, ಮಾತಿಗೆ ಏನಿದೆ ಹೇಳಿ."

ಆ ವಾರವೆಲ್ಲ ನನಗೆ ಕೂತಲ್ಲಿ ಕೂರಲಾಗಲಿಲ್ಲ.  ಅಕ್ಕನಿಗೆ ನನ್ನ ತಿದ್ದುಪಡಿಯ ವಿಷಯ ಗೊತ್ತೇ ಎಂದು ಮುಖ ನೋಡಿ ಹುಡುಕಿದೆ. ಅವಳು ಪೇಪರನ್ನು ಎಂದಿನಂತೆ ಮೂಸಿ, ತೃಪ್ತಿಯಿಂದ ಗೂಡಿನಲ್ಲಿಟ್ಟಿದ್ದಳು. ಬೀದಿಗೆ ಹೋದಾಗಲೆಲ್ಲ ಸಾಹೇಬರ ಬೆರಳಿನ ಬಟ್ಟೆಯತ್ತಲೇ ಕಣ್ಣು ಹೋಗುತ್ತಿತ್ತು. ಕಪ್ಪು ಪಕ್ಕದ ಬೆರಳಿಗೂ ಹಬ್ಬಿತ್ತು. ಊರಿನವರು ಯಾವಾಗ ಓದುತ್ತಾರೆ ಎಂದು ಯೋಚಿಸಿದೆ. ಕಂಟ್ರಾಕ್ಟರ್ ಮನೆಯ ಕೋಳಿಸಾರು ಬಂದ ದಿನ ಓದಿದ್ದರು. ಟ್ಯಾಂಕಿನ ಸುದ್ದಿಯನ್ನು ಒಂದೊಂದೇ ಪದ ಹಿಡಿದು, ಎಲ್ಲಿ ಸುಳ್ಳಿದೆ ಎಂದು, ಬೆರಳಿಟ್ಟು ಓದಿದ್ದರು.

ಶನಿವಾರ ಮಧ್ಯಾಹ್ನ ಗಿರಣಿಗೆ ಹೋದೆ. ಅಂಗಳದಲ್ಲಿ ಶಾಮಿಯಾನ ಹಾಕಿದ್ದರು, ಅಡುಗೆ ಕಲಿಯಲು ಬಂದ ಹೆಂಗಸರಿಗೆಲ್ಲ ಊಟ. ಹಿಂದೆಯೇ ಜಯಶೀಲರ ಮನೆ. ಹುರಿದ ಹಿಟ್ಟು, ಡಾಲ್ಡಾ, ಏಲಕ್ಕಿ ಕಲಸಿದ ಆ ಮನೆಯ ವಾಸನೆ ಊರಿಗೆಲ್ಲ ಗೊತ್ತು. ನಾನು ಪಂಕ್ತಿಯಲ್ಲಿ ಹೋಗಿ ಕೂತೆ. ಮಾತುಗಳು ಒಂದೊಂದಾಗಿ ನಿಂತವು. ನಾನು ಹೊರಗೆ ಎಲೆಯ ಮುಂದೆ ಕೂತದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

ಅಕ್ಕನೇ ಓಡಿಬಂದಳು. ನೇರಳೆ ಸೀರೆ, ಕೈಯಲ್ಲಿ ಸಾರಿನ ಬಕೆಟ್ಟು. "ಬಂದೆಯಾ! ಒಂದು ಮಾತು ಹೇಳಬಾರ್ದಿತ್ತೇನೇ?" ಎಂದು ಹಿಗ್ಗಿನಿಂದ ಸೌಟು ಎತ್ತಿದಳು. ಅವಳ ಕೈ ಬಡಿಸಿದರೆ ಮತ್ತೆ ಮೆಂತ್ಯ. ನಾನು ಎಲೆಯ ಮೇಲೆ ಎರಡೂ ಅಂಗೈ ಅಡ್ಡ ಹಿಡಿದೆ.

"ಅಕ್ಕ, ನೀನು ಬಡಿಸಬೇಡ."

"ಏನು?"

"ನೀನು ಬಡಿಸಬೇಡ. ಜಯಶೀಲ ಅವರು ಬಡಿಸಲಿ."

ಸೌಟಿನಿಂದ ಸಾರು ಬಕೆಟ್ಟಿಗೆ ತೊಟ್ಟಿಕ್ಕುತ್ತಿದ್ದದ್ದು ನನಗೆ ಕೇಳುತ್ತಿತ್ತು. ಪಕ್ಕದ ಎಲೆಯ ಹೆಂಗಸು, "ಅಕ್ಕನ ಕೈ ಬೇಡ್ವಂತೆ" ಎಂದು ಆಚೆಯವಳ ಕಿವಿಯಲ್ಲಿ ಹೇಳಿದಳು. ಅಕ್ಕ ಬಕೆಟ್ಟನ್ನು ನೆಲದ ಮೇಲಿಟ್ಟು, ಸೆರಗು ಸರಿಮಾಡಿಕೊಂಡು ಶಾಮಿಯಾನದಾಚೆ ನಡೆದುಹೋದಳು. ಜಯಶೀಲ ಬಂದರು. ಹಣೆಯಲ್ಲಿ ಬೆವರಿತ್ತು. "ಮೇಡಂ, ಇದು ಯಾಕೆ? ನಿಮ್ಮ ಬರಹಕ್ಕೇ ತೊಂದರೆ ಅಲ್ವಾ? ನಾನು ಯಾವತ್ತೂ ನಿಮಗೆ…"

"ನೀವು ಯಾವತ್ತೂ ತೊಟ್ಟು ನೀರೂ ಕೊಟ್ಟಿಲ್ಲ, ಗೊತ್ತು. ಇವತ್ತು ಕೊಡಿ. ಮನೆಗೆ ಬಂದು ಎಲೆ ಮುಂದೆ ಕೂತವಳನ್ನ ಹಾಗೇ ಎಬ್ಬಿಸ್ತೀರಾ?"

ಅಷ್ಟು ಹೆಂಗಸರ ಎದುರಿಗೆ ಇಲ್ಲ ಎನ್ನಲಾಗದೆ ಅವರು ಬಡಿಸಿದರು. ಸೌಟು ಹಿಡಿದು ಅಭ್ಯಾಸವಿಲ್ಲದೆ ಸಾರನ್ನು ಎಲೆಯ ಆಚೆಗೂ ಚೆಲ್ಲಿದರು. ಅನ್ನ, ಪಲ್ಯ, ಮುಂಜಾವು ಹೋಳಿಗೆ, ಎಲ್ಲವನ್ನೂ ಉಂಡೆ. ಹಪ್ಪಳ ಮೆತ್ತಗಾಗಿತ್ತು, ಅದನ್ನೂ ತಿಂದೆ. ಮನೆಗೆ ಹೋಗದೆ ನೇರವಾಗಿ ಆಫೀಸಿಗೆ ಹೋಗಿ ಬರೆಯಲು ಕೂತೆ.

ಮುಂಜಾವು ಪುಡಿಯಲ್ಲಿ ಸಿರಿಧಾನ್ಯದ ನಂತರ ಹೆಚ್ಚಾಗಿರುವುದು ಬೆಲ್ಲ ಎಂದು ಬರೆದೆ. ಸಕ್ಕರೆ ಕಾಯಿಲೆಯವರು ಅದನ್ನು ಕುಡಿಯಬಾರದು, ಮಾತ್ರೆ ಬಿಡಬಾರದು ಎಂದು ಬರೆದೆ. ಪೊಟ್ಟಣದ ಮೇಲಿರುವ ಕೈಗಳು ನನ್ನ ಅಕ್ಕನವು, ಮೊದಲ ಅಂಕಣ ಬರೆದ ದಿನಗಳಲ್ಲಿ ನಮ್ಮ ಮನೆಯಲ್ಲಿ ಗಿರಣಿಯ ಹಿಟ್ಟೇ ಬೇಯುತ್ತಿತ್ತು, ಅಕ್ಕನ ಸಂತೋಷ ನೋಡಿ ಎಚ್ಚರಿಕೆಯ ಮಾತನ್ನು ನಾನೇ ಹೊಡೆದುಹಾಕಿದೆ, ನಿಮಗೆ ಬಂದದ್ದು ಮೆಂತ್ಯದ ವಾಸನೆಯಷ್ಟೆ ಎಂದು ಬರೆದೆ. ನಮ್ಮ ಪತ್ರಿಕೆಗೆ ಗಿರಣಿಯ ಜಾಹೀರಾತು ಬರುತ್ತದೆ ಎಂಬುದನ್ನೂ ಸೇರಿಸಿದೆ. ಇಂದು ಗಿರಣಿಯ ಯಜಮಾನರ ಕೈಯಿಂದ ಉಂಡು ಇದನ್ನು ಬರೆದಿದ್ದೇನೆ, ಏಕೆಂದರೆ ನೀವು ಇದನ್ನು ಓದಬೇಕು ಎಂದು ಮುಗಿಸಿದೆ.

ತಿಪ್ಪೇರುದ್ರಯ್ಯನವರು ಹಾಳೆಯನ್ನು ಕೈಗೆತ್ತಿಕೊಂಡವರೇ ಮುಖ ಹಿಂದಕ್ಕೆಳೆದರು. "ಏನಮ್ಮ ಇದು, ಡಾಲ್ಡಾ ಡಬ್ಬಕ್ಕೇ ತಲೆ ಹಾಕಿದ ಹಾಗಿದೆ. ಇಷ್ಟು ವರ್ಷದ ಹೆಸರು ಹೋಗುತ್ತಲ್ಲ." ಓದಿದ ಮೇಲೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಜಾಹೀರಾತಿನ ಸಾಲಿನ ಮೇಲೆ ಅವರ ಬೆರಳು ನಿಂತಿತ್ತು. "ಇದನ್ನ ತೆಗೀಲಾ?" ಎಂದರು. ಆಮೇಲೆ ತಾವೇ, "ಇರಲಿ ಬಿಡು" ಎಂದು ಅಚ್ಚಿಗೆ ಕಳಿಸಿದರು.

ಮಂಗಳವಾರ ಬೆಳಿಗ್ಗೆ ಕಟ್ಟೆಯ ಮೇಲೆ ಗದ್ದಲವೆದ್ದಿತು. "ಮೆಂತ್ಯದಮ್ಮನೂ ಮಾರ್ಕೊಂಡ್ರು ನೋಡ್ರೀ." "ಏಲಕ್ಕಿ ಎಷ್ಟು ಹಾಕಿದ್ದಾರೆ!" ಯಾರೋ ಪುಟವನ್ನು ನೆಲಕ್ಕೆಸೆದು ಮತ್ತೆ ಎತ್ತಿಕೊಂಡರು. ಸುಳ್ಳು ಎಲ್ಲಿದೆ ಎಂದು ಹುಡುಕತೊಡಗಿದರು. ಮೂಗಿನಿಂದ ಪೇಪರು ದೂರ ಹೋಯಿತು, ಕಣ್ಣು ಕಿರಿದಾದವು. ತುಟಿಗಳು ಅಲುಗಾಡುತ್ತಿದ್ದವು. ನಾನು ಅಲ್ಲಿ ನಿಲ್ಲಲಾರದೆ ಸಾಹೇಬರ ಅಂಗಡಿಗೆ ಹೋದೆ. ಅವರು ಕನ್ನಡಕದ ಮೇಲೊಂದು ಭೂತಗನ್ನಡಿ ಹಿಡಿದು ಕೂತಿದ್ದರು. ನನ್ನ ಕಡೆ ನೋಡಲಿಲ್ಲ.

"ಮೂರು ಸಲ ಓದಿದೆ" ಎಂದರು. "ಸುಳ್ಳು ಸಿಗಲಿಲ್ಲ." ಭೂತಗನ್ನಡಿ ಕೆಳಗಿಟ್ಟು, "ಮೊದಲನೇ ಸಲಾನೇ ಹೀಗೆ ಬರೀಬಹುದಿತ್ತಲ್ವೇನಮ್ಮ?" ಎಂದರು. ಆಮೇಲೆ ಒಳಗಡೆಗೆ ಕೂಗಿದರು, "ಏ, ಆ ಮಾತ್ರೆ ಎಲ್ಲಿಟ್ಟಿದೀಯೆ?"

ಅವರ ಪಾದ ಉಳಿಯಿತು. ಎರಡು ಬೆರಳು ಹೋದವು.

ಶನಿವಾರದಿಂದ ಅಕ್ಕ ನನ್ನ ಜೊತೆ ಮಾತಾಡಿರಲಿಲ್ಲ. ತಟ್ಟೆಗೆ ಬಡಿಸಿ, ಮುಚ್ಚಿಟ್ಟು, ಹಿತ್ತಿಲಿಗೆ ಹೋಗಿಬಿಡುತ್ತಿದ್ದಳು. ಆ ಮಂಗಳವಾರ ನಾನು ಮನೆಗೆ ಬಂದಾಗ ಅವಳು ಕಿಟಕಿಯ ಬೆಳಕಿಗೆ ಪೇಪರು ಹಿಡಿದು ಕೂತಿದ್ದಳು. ಪುಟ್ಟ ಮಕ್ಕಳಂತೆ ಸಾಲಿನ ಕೆಳಗೆ ಬೆರಳು ಸರಿಸುತ್ತಿದ್ದಳು. ನಾನು ಬಾಗಿಲಲ್ಲೇ ನಿಂತೆ. ಕೊನೆಯ ಸಾಲಿನವರೆಗೂ ಓದಿ ಪೇಪರು ಮಡಚಿದಳು.

"ನಿನ್ನ ಬರಹ ನಾನು ಇಷ್ಟು ವರ್ಷ ಓದೇ ಇರಲಿಲ್ಲ ಕಣೇ" ಎಂದಳು. "ನನ್ನ ಒಗ್ಗರಣೆ ಇದೆಯಾ ಅಂತ ನೋಡಿ ಎತ್ತಿಡ್ತಿದ್ದೆ."

ನಾನು ಒಳಗೆ ಬಂದು ಅವಳೆದುರು ಕೂತೆ.

"ನನ್ನನ್ನ ಕೇಳಬಹುದಿತ್ತು. ಪುಡೀಲಿ ಬೆಲ್ಲ ಇದೆ ಅಂತ ನನಗೆ ಗೊತ್ತಿರಲಿಲ್ವಾ? ಕಲಸೋಳು ನಾನು. ನೀನು ಓದಿದೋಳು, ಬರೆದಿದೀಯ, ಸರಿಯಿರುತ್ತೆ ಅಂದ್ಕೊಂಡೆ." ಅವಳು ತನ್ನ ಕೈಗಳನ್ನು ನೋಡಿಕೊಂಡಳು, ಆ ಬದಿ, ಈ ಬದಿ. ಆಮೇಲೆ ಕೇಳಿದಳು, "ಅವನ ಕೈಯೂಟ ಹೇಗಿತ್ತು?"

"ಹಪ್ಪಳ ಮೆತ್ತಗಿತ್ತು."

"ಇರುತ್ತೆ. ಎಣ್ಣೆ ಕಾಯೋಕೆ ಬಿಡಲ್ಲ ಅವರು" ಎಂದಳು. ಎದ್ದುಹೋಗಿ ಹಿಟ್ಟಿನ ಚೀಲವನ್ನು ಹಿತ್ತಿಲ ಬಾಗಿಲಿಗೆ ಎಳೆದಿಟ್ಟು ಬಂದಳು. ಒಲೆಯ ಪಕ್ಕ ನಿಂತು, ಸೌಟನ್ನು ನನ್ನ ಕೈಗೆ ಕೊಟ್ಟಳು. "ಇನ್ಮೇಲೆ ಅಂಕಣ ಬರೆಯೋ ದಿನ ನೀನೇ ಮಾಡ್ಕೋ, ನೀನೇ ಬಡಿಸ್ಕೋ. ನನ್ನ ವಾಸನೆ ಇಟ್ಕೊಂಡು ಬರೀಬೇಡ."

ಅವಳು ಪಕ್ಕದಲ್ಲಿ ನಿಂತು ಹೇಳಿಕೊಟ್ಟರೂ ನನ್ನ ಅನ್ನ ಸೀದಿತು. ನಾನೇ ಬಡಿಸಿಕೊಂಡೆ. ಅಕ್ಕನ ತಟ್ಟೆಗೂ ಬಡಿಸಿದೆ. ಅವಳು ಸೀದದ್ದನ್ನು ಪಕ್ಕಕ್ಕಿಟ್ಟು ಉಳಿದದ್ದನ್ನು ಉಂಡಳು. ಅಂಕಣ ಬರೆದ ದಿನವೂ ನಾನೇ ಮಾಡಿ ಬಡಿಸಿಕೊಂಡೆ, ಮುಂದಿನ ಮಂಗಳವಾರದ ಪುಟದಲ್ಲಿ ಅಕ್ಕನ ಮೆಂತ್ಯವಿರಲಿಲ್ಲ, ಸೀದ ಅನ್ನದ ವಾಸನೆ ಹೊಡೆಯಿತು. ಕಟ್ಟೆಯ ಮೇಲೆ ಪುಟ ಕೈಯಿಂದ ಕೈಗೆ ಹೋಯಿತು. ಎಲ್ಲರೂ ಮೂಸಿದರು, ಮತ್ತೊಮ್ಮೆ ಮೂಸಿದರು. ಇದು ಯಾರ ಮನೆಯ ವಾಸನೆಯೆಂದು ಊರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಬೇರೆ ದಾರಿಯಿಲ್ಲದೆ, ಬೈದುಕೊಳ್ಳುತ್ತಾ, ಮೊದಲ ಸಾಲಿನಿಂದ ಓದಲು ಶುರುಮಾಡಿದರು.